ಮನೆ ತೆರಿಗೆಯ ಜೊತೆ ಮಳೆಯ ವಿಮೆ ಬೇಡ ಅಂದದ್ದು ತಪ್ಪೇ?

ಪ್ರಶ್ನೆ: ನನಗೆ ಅರವತ್ತರ ಹತ್ತಿರ ವಯಸ್ಸು. ತಾಂಡೂರಿನಲ್ಲಿ ನಮ್ಮ ಯಜಮಾನರು ಕಟ್ಟಿಸಿದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮುಂದಿನ ಕೋಣೆಯನ್ನು ಕಿರಾಣಿ ಅಂಗಡಿಗೆ ಬಾಡಿಗೆ ಕೊಟ್ಟಿದ್ದೇನೆ. ಆ ಬಾಡಿಗೆ, ಸ್ವಲ್ಪ ಪಿಂಚಣಿ, ಇಷ್ಟರಲ್ಲೇ ಜೀವನ. ತಮ್ಮ ಜಹೀರಾಬಾದಿನಲ್ಲಿದ್ದಾನೆ. ಮಗಳನ್ನು ನಾರಾಯಣಖೇಡದ ಹತ್ತಿರ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಹೋದ ಮಳೆಗಾಲದಲ್ಲಿ ತಮ್ಮನ ಮನೆಗೆ ರಾತ್ರೋರಾತ್ರಿ ನಾಲಾದ ನೀರು ಹೊಕ್ಕಿತು. ಫ್ರಿಜ್ಜನ್ನು ಇಟ್ಟಂಗಿಯ ಮೇಲೆ ಎತ್ತಿಟ್ಟರೂ ಉಳಿಯಲಿಲ್ಲ. ನಾದಿನಿಯ ಹೊಲಿಗೆ ಮಷೀನು, ವರ್ಷಕ್ಕೆಂದು ಇಟ್ಟ ತೊಗರಿ ಚೀಲ ಎಲ್ಲ ಹಾಳಾದವು. ಈಗ ಅವನೂ ಅವನ ಕಾಲೊನಿಯವರೂ ಸರಕಾರಕ್ಕೆ ಮನವಿ ಬರೆದಿದ್ದಾರೆ. ಎಲ್ಲ ಪುರಸಭೆಗಳಲ್ಲಿ ಮನೆ ತೆರಿಗೆಯ ಜೊತೆಗೇ ಒಂದು ಸೆಸ್ ವಸೂಲು ಮಾಡಬೇಕು, ಆ ಹಣದಲ್ಲಿ ಪ್ರತಿ ಮನೆಗೂ ವಿಪತ್ತು ವಿಮೆ ಮಾಡಿಸಬೇಕು ಅಂತ. ನನ್ನ ಸಹಿ ಕೇಳಿದ. ನಾನು ಹಾಕಲಿಲ್ಲ. ನಮ್ಮ ಮನೆಗೆ ಎಂದೂ ನೀರು ಬಂದಿಲ್ಲ, ಕೈಯಲ್ಲಿ ರೊಕ್ಕ ಇಲ್ಲ, ಕಟ್ಟಿದ ಸೆಸ್ಸು ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ ಅಂದೆ. "ನಿನ್ನ ಮನಿ ದಿಬ್ಬದ ಮ್ಯಾಲ ಅದ ಅಕ್ಕಾ, ನಮ್ಮ ಸಂಕಟ ನಿನಗ್ಹೆಂಗ ತಿಳೀಬೇಕು" ಅಂದು ಫೋನಿಟ್ಟ. ಆಮೇಲೆ ಮಾತೇ ಇಲ್ಲ. ಈ ಸಲ ಪಂಚಮಿಗೆ ಕರೆಯಲು ಬರುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ನಿದ್ದೆ ಹತ್ತುವುದಿಲ್ಲ. ನಾನು ಸ್ವಾರ್ಥಿಯೇ?

— ಹೆಸರು ಬೇಡ, ತಾಂಡೂರು

ಉತ್ತರ: ಅಕ್ಕಾ, ನೀವು ಸ್ವಾರ್ಥಿಯಲ್ಲ. ಸಹಿ ಹಾಕದೆ ಇದ್ದದ್ದೂ ಸರಿಯೇ. ಆದರೆ ನೀವು ತಮ್ಮನಿಗೆ ಕೊಟ್ಟ ಮೂರು ಕಾರಣಗಳಲ್ಲಿ ಮೊದಲನೆಯದನ್ನು ಬಿಟ್ಟುಬಿಡಿ. ಅವನಿಗೆ ನೋವಾದದ್ದು ಅದರಿಂದಲೇ. ಕಾರಣವಾಗಿಯೂ ಅದು ನಿಲ್ಲುವುದಿಲ್ಲ.

ನೀರು ಬಾರದವರೂ ಹಣ ಹಾಕಿದರೆ ಮಾತ್ರ ವಿಮೆ ನಡೆಯುತ್ತದೆ. ಮುಳುಗುವ ಮನೆಯವರಷ್ಟೇ ಸೇರಿ ಕಟ್ಟಿದ ನಿಧಿ ಮೊದಲ ಮಳೆಗೇ ಬರಿದಾಗುತ್ತದೆ. ನಿಮ್ಮ ತಮ್ಮ ಹೇಳುವುದೂ ಇದನ್ನೇ, ಅದರಲ್ಲಿ ಸುಳ್ಳಿಲ್ಲ. ಇನ್ನೊಂದು ಮಾತು. ದಿಬ್ಬದ ಮನೆಗೆ ಹೊಳೆ ಬಾರದಿರಬಹುದು, ಆದರೆ ವಿಪತ್ತು ಹೊಳೆಯ ರೂಪದಲ್ಲೇ ಬರಬೇಕೆಂದಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ನೆಲ ನಡುಗಿದ್ದು ನಿಮಗೂ ನೆನಪಿರಬೇಕು. ದಖ್ಖನ್ನಿನ ನೆಲ ಗಟ್ಟಿ, ಇಲ್ಲಿ ಭೂಕಂಪ ಆಗುವುದಿಲ್ಲ ಎಂಬ ನಂಬಿಕೆ ಆ ಒಂದು ಬೆಳಗಿನಲ್ಲಿ ಹೋಯಿತು. ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತರು. ಹೆಚ್ಚಿನವರು ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಗಳ ಕೆಳಗೆ ಸಿಕ್ಕಿದವರು. ನಿಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಗೋಡೆಗಳೂ ಅಂಥವೇ. ಹಾಗಾಗಿ "ನಮಗೆ ಬರುವುದಿಲ್ಲ" ಎಂಬ ಮಾತು ಬೇಡ. ನಾಳೆ ಯಾರ ಸರದಿಯೋ ಯಾರಿಗೂ ಗೊತ್ತಿಲ್ಲ.

ಉಳಿದ ಎರಡು ಕಾರಣಗಳು ಗಟ್ಟಿಯಾಗಿವೆ. ನೀವು ಅವನ್ನು ಅಳುಕುತ್ತಾ ಹೇಳಿದ್ದೀರಿ. ಧೈರ್ಯವಾಗಿಯೇ ಹೇಳಬಹುದಿತ್ತು.

ಮನೆ ತೆರಿಗೆಯ ರಶೀದಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅಸೆಸ್‌ಮೆಂಟ್ ನಂಬರು, ಡೋರ್ ನಂಬರು, ತೆರಿಗೆ, ಅದರ ಪಕ್ಕದಲ್ಲಿ ಗ್ರಂಥಾಲಯದ ಸೆಸ್ಸು. ತೆರಿಗೆ ನಿಗದಿಯಾಗಿರುವುದು ನಿಮ್ಮ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂಬ ಅಂದಾಜಿನ ಮೇಲೆ. ವಿಸ್ತೀರ್ಣ ಎಷ್ಟು, ಯಾವ ಓಣಿ, ಎಂಥ ಕಟ್ಟಡ, ವಾಸಕ್ಕೋ ವ್ಯಾಪಾರಕ್ಕೋ, ಇಂಥವೇ ಅದರ ಲೆಕ್ಕ. ನಾಲಾದಿಂದ ಮನೆ ಎಷ್ಟು ದೂರ, ಹೊಸ್ತಿಲು ರಸ್ತೆಗಿಂತ ಎಷ್ಟು ಎತ್ತರ ಎಂಬುದನ್ನು ಆ ಲೆಕ್ಕ ಕೇಳುವುದೇ ಇಲ್ಲ. ತೆಲಂಗಾಣದ 2019ರ ಪುರಸಭೆ ಕಾಯ್ದೆ 75 ಚದರ ಗಜದೊಳಗಿನ ಬಡವರ ಸಣ್ಣ ಮನೆಗೆ ವರ್ಷಕ್ಕೆ 100 ರೂಪಾಯಿ ತೆರಿಗೆ ಸಾಕು ಅಂದಿತು. ಅದು ಒಳ್ಳೆಯದೇ ಆಯಿತು. ಆದರೆ ತೆರಿಗೆಯ ಶೇಕಡಾವಾರು ಲೆಕ್ಕದಲ್ಲಿ ವಿಮೆಯ ಸೆಸ್ ಹಾಕಿದರೆ ಅಂಥ ಮನೆಯಿಂದ ಬರುವುದು ಐದೋ ಹತ್ತೋ ರೂಪಾಯಿ. ವಿಮೆ ಕಂಪನಿ ಅಷ್ಟಕ್ಕೆ ಆ ಮನೆಯ ಹೊಣೆ ಹೊರುವುದಿಲ್ಲ. ಕೊರತೆಯನ್ನು ಯಾರಾದರೂ ತುಂಬಲೇಬೇಕು. ತುಂಬುವವರು ತೆರಿಗೆ ಹೆಚ್ಚು ಬೀಳುವ ಮನೆಯವರು, ಅದರಲ್ಲೂ ವ್ಯಾಪಾರದ ದರದಲ್ಲಿ ಕಟ್ಟುವವರು. ಆ ಪಟ್ಟಿಯಲ್ಲಿ ದೊಡ್ಡ ಗೋದಾಮಿನವನೂ ಇದ್ದಾನೆ, ಒಂದು ಕೋಣೆಯ ಬಾಡಿಗೆಯಲ್ಲಿ ದಿನ ದೂಡುವ ನೀವೂ ಇದ್ದೀರಿ. ಇಬ್ಬರ ಕೈಯಲ್ಲಿರುವ ರೊಕ್ಕದ ವ್ಯತ್ಯಾಸ ತೆರಿಗೆ ಪುಸ್ತಕಕ್ಕೆ ತಿಳಿಯುವುದಿಲ್ಲ. ಮನೆಯೊಂದು ಇದ್ದ ಮಾತ್ರಕ್ಕೆ ಕೈಯಲ್ಲಿ ದುಡ್ಡು ಇದ್ದಂತಲ್ಲ ಎಂಬುದನ್ನು ನಿಮ್ಮಂಥ ಒಂಟಿ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಈ ವಿಮೆಯಿಂದ ಹೊರಗೆ ಉಳಿಯುವವರ ಸಂಗತಿ. ಮಳೆ ಜೋರಾದಾಗ ಎಲ್ಲರಿಗಿಂತ ಮೊದಲು ನೀರು ನುಗ್ಗುವುದು ನಾಲಾದ ದಂಡೆಯ ಗುಡಿಸಲುಗಳಿಗೆ. ಎಷ್ಟೋ ಕಡೆ ಅವಕ್ಕೆ ಅಸೆಸ್‌ಮೆಂಟ್ ನಂಬರೇ ಇರುವುದಿಲ್ಲ. ತೆರಿಗೆ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ತೆರಿಗೆಯ ಮೂಲಕ ಬಂದ ವಿಮೆ ಎಲ್ಲಿಂದ ಸಿಗಬೇಕು? ಆಮೇಲೆ ಬಾಡಿಗೆಯವರು. ತೆರಿಗೆ ಮನೆಯೊಡೆಯನ ಹೆಸರಿನಲ್ಲಿದೆ, ವಿಮೆಯೂ ಅವನ ಗೋಡೆ ಚಾವಣಿಗೇ ಬರುತ್ತದೆ. ನೆಂದುಹೋದ ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ ಬಾಡಿಗೆಯವನವು. ಹೆಚ್ಚಾದ ಸೆಸ್ಸನ್ನು ಒಡೆಯ ಬಾಡಿಗೆಗೆ ಸೇರಿಸಿ ಅವನಿಂದಲೇ ವಸೂಲು ಮಾಡುತ್ತಾನೆ, ಪರಿಹಾರ ಮಾತ್ರ ಅವನಿಗೆ ಬರುವುದಿಲ್ಲ. ನಿಮ್ಮ ಅಂಗಡಿಯ ಬಾಡಿಗೆದಾರನ ದಾಸ್ತಾನೂ ಹಾಗೆಯೇ.

ಇನ್ನು ನಿಮ್ಮ ಮಗಳು. ಅವಳ ಹಳ್ಳಿ ನಾರಾಯಣಖೇಡ ಪುರಸಭೆಯ ಗಡಿಯಾಚೆ ಇದ್ದರೆ, ಪುರಸಭೆಯ ತೆರಿಗೆಗೆ ಅಂಟಿಸಿದ ವಿಮೆ ಆ ಹಳ್ಳಿಗೆ ತಲುಪುವುದಿಲ್ಲ. ನೀರಿಗೆ ಆ ಗಡಿ ಗೊತ್ತಿಲ್ಲ. ಮಾಂಜ್ರಾ ಬೀದರ್ ಜಿಲ್ಲೆಯಿಂದ ಬಂದು ನಾರಾಯಣಖೇಡದ ಸೀಮೆ ಹಾಯುತ್ತದೆ. ಕೊಹಿರದ ಕಡೆ ಹುಟ್ಟಿದ ಕಾರಂಜಾ ಬೀದರಿನ ಕಡೆ ಹರಿದು ಅದೇ ಮಾಂಜ್ರಾವನ್ನು ಸೇರುತ್ತದೆ. ನಿಮ್ಮ ಕಾಗಿಣಾ ತಾಂಡೂರು ಬಿಟ್ಟ ಮೇಲೆ ಸೇಡಂ ತಾಲ್ಲೂಕಿನ ಮಳಖೇಡದ ಮಗ್ಗುಲಲ್ಲಿ ಹೋಗಿ ಭೀಮೆಗೆ ಬೀಳುತ್ತದೆ. 1956ರ ನವೆಂಬರ್ 1ರಂದು ತಾಂಡೂರು ಗುಲಬರ್ಗಾ ಜಿಲ್ಲೆಯಿಂದಲೂ, ಜಹೀರಾಬಾದಿನ ಬಹುಭಾಗ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯಿಂದಲೂ ಬೇರೆಯಾಗಿ ಆಂಧ್ರಕ್ಕೆ ಸೇರಿದವು, ಹೊಳೆಗಳು ಮಾತ್ರ ಹರಿದ ದಾರಿಯಲ್ಲೇ ಹರಿಯುತ್ತಿವೆ. ಇಷ್ಟು ಅಗಲವಾಗಿ ಹರಡಿದ ಅಪಾಯವನ್ನು ಒಂದೊಂದು ಪುರಸಭೆಯ ತೆರಿಗೆ ಪುಸ್ತಕದೊಳಗೆ ಕಟ್ಟಿಹಾಕಲು ಹೊರಟರೆ ನಿಧಿ ಸಣ್ಣದಾಗುತ್ತದೆ, ಒಂದೇ ಮಳೆಗೆ ಊರೆಲ್ಲ ಕ್ಲೇಮು ಹಾಕುತ್ತದೆ.

ಹಣ ಬರುವ ಹೊತ್ತಿನದೂ ಒಂದು ತೊಡಕಿದೆ. 1938ರ ವಿಮಾ ಕಾಯ್ದೆಯ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ಮನೆ ತೆರಿಗೆ ಹಾಗೆ ಮುಂಗಡವಾಗಿ ಬರುವ ಹಣವಲ್ಲ. ಏಪ್ರಿಲ್ 30ರೊಳಗೆ ಇಡೀ ವರ್ಷದ್ದು ಕಟ್ಟಿದರೆ ಶೇ 5 ರಿಯಾಯಿತಿ ಇದೆ, ನಿಮ್ಮಂಥವರು ಕಟ್ಟುತ್ತೀರಿ. ಎಷ್ಟೋ ಜನ ಬಾಕಿ ಉಳಿಸಿಕೊಂಡು, ಬಡ್ಡಿ ಮನ್ನಾ ಆಗುವ ತನಕ ಕಾಯುತ್ತಾರೆ, ಸರಕಾರ ಆಗಾಗ ಮನ್ನಾ ಮಾಡಿಯೂ ಇದೆ. ವಿಪತ್ತು ಬಂದ ವರ್ಷ ಏನಾಗುತ್ತದೆಂದು 2020ರಲ್ಲಿ ನೋಡಿದೆವು. ಅಕ್ಟೋಬರಿನ ಮಳೆಗೆ ಹೈದರಾಬಾದ್ ಮುಳುಗಿತು. ದೀಪಾವಳಿಯ ಹೊತ್ತಿಗೆ ಸರಕಾರ ಆ ವರ್ಷದ ಮನೆ ತೆರಿಗೆಯಲ್ಲಿ ಅರ್ಧ ಬಿಟ್ಟುಕೊಟ್ಟಿತು. ಹೈದರಾಬಾದ್ ಮಹಾನಗರದಲ್ಲಿ 15,000 ರೂಪಾಯಿವರೆಗೆ, ಉಳಿದ ಪುರಸಭೆಗಳಲ್ಲಿ 10,000 ರೂಪಾಯಿವರೆಗೆ ತೆರಿಗೆ ಇರುವ ವಾಸದ ಮನೆಗಳಿಗೆ ಅದು ಸಿಕ್ಕಿತು. ಬಿಡಬೇಕಾದದ್ದೇ, ಜನ ಕಷ್ಟದಲ್ಲಿದ್ದರು. ಆದರೆ ವಿಪತ್ತಿನ ವರ್ಷವೇ ಬತ್ತುವ ಮೂಲದ ಮೇಲೆ ವಿಪತ್ತಿನ ವಿಮೆಯನ್ನು ನಿಲ್ಲಿಸುವುದು ಹೇಗೆ? ಈ ಪ್ರಶ್ನೆಯನ್ನು ತಮ್ಮನಿಗೆ ಕೇಳಿ, ಅವನು ಜಗಳ ಆಡಲಿಕ್ಕಿಲ್ಲ, ಯೋಚಿಸುತ್ತಾನೆ.

ಸೆಸ್ಸು ಎಲ್ಲಿಗೆ ಹೋಗುತ್ತದೋ ಎಂದಿರಿ. ಆ ಅನುಮಾನಕ್ಕೆ ನಾಚಬೇಡಿ. ಮನೆ ತೆರಿಗೆಯ ಜೊತೆ ವಸೂಲಾದ ಗ್ರಂಥಾಲಯ ಸೆಸ್ಸು ಗ್ರಂಥಾಲಯಗಳಿಗೆ ಸರಿಯಾಗಿ ತಲುಪಲಿಲ್ಲ ಎಂಬ ತಕರಾರು ತೆಲಂಗಾಣದಲ್ಲಿಯೂ ಹಳೆಯದು, ಬೆಂಗಳೂರಿನಲ್ಲಿಯೂ ಹಳೆಯದು. ಪುಸ್ತಕ ಒಂದು ವರ್ಷ ತಡವಾಗಿ ಬಂದರೆ ಓದುವವರು ಹೇಗೋ ತಡೆದುಕೊಳ್ಳುತ್ತಾರೆ. ಪ್ರೀಮಿಯಂ ಹದಿನೈದು ದಿನ ತಡವಾಗಿ, ಆ ಹದಿನೈದು ದಿನದಲ್ಲೇ ಮಳೆ ಬಂದರೆ ಇಡೀ ಊರಿಗೆ ವಿಮೆ ಇಲ್ಲ.

ನಿಮ್ಮಂತೆ ಬೇಡ ಅಂದವರು ಬೇರೆ ಕಡೆಯೂ ಇದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಖರ್ಚಿನ ದೊಡ್ಡ ಪಾಲು ವಿಮೆ ಪಾಲಿಸಿಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಅದನ್ನು ಆಸ್ತಿಯ ಮೇಲೆ ಹಾಕಲು ಹೊರಟ ಸರಕಾರ ಜನರ ವಿರೋಧ ನೋಡಿ 2017ರಲ್ಲಿ ಹಿಂದೆ ಸರಿಯಿತು. ಪಕ್ಕದ ವಿಕ್ಟೋರಿಯಾದಲ್ಲಿ ಅಂಥ ಆಸ್ತಿ ಕರ 2013ರಿಂದಲೇ ಇದೆ. 2025ರಲ್ಲಿ ಅದನ್ನು ಹಿಗ್ಗಿಸಲು ಹೋದಾಗ ಬರದಲ್ಲಿ ನೊಂದಿದ್ದ ರೈತರು ಬೀದಿಗೆ ಇಳಿದರು. ಹೊಲ ದೊಡ್ಡದು, ಆದಾಯ ಇಲ್ಲ ಎಂದು ಅವರು ಹೇಳಿದ್ದು ನಿಮ್ಮ ಎರಡನೆಯ ಕಾರಣವೇ.

ಹಾಗಾದರೆ ವಿಮೆಯೇ ಬೇಡವೇ? ಬೇಕು. ಇಲ್ಲಿ ನಾನು ಪೂರಾ ತಮ್ಮನ ಕಡೆ. ರಾಜ್ಯ ವಿಪತ್ತು ನಿಧಿಯ 2022ರಿಂದ 2026ರವರೆಗಿನ ಮಾನದಂಡ ನೋಡಿ. ಬಯಲು ಸೀಮೆಯಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ, ಅದೂ ಕನಿಷ್ಠ ಶೇ 15ರಷ್ಟು ಹಾನಿಯಾಗಿದ್ದರೆ, 6,500. ಕಚ್ಚಾ ಮನೆಗೆ 4,000. ಬಟ್ಟೆಬರೆಗೆ 2,500, ಪಾತ್ರೆ ಪಡಗಕ್ಕೆ 2,500. ಫ್ರಿಜ್ಜು, ಹೊಲಿಗೆ ಮಷೀನು, ತೊಗರಿ ಚೀಲ ಕಳೆದುಕೊಂಡವನಿಗೆ ಇದು ಎಲ್ಲಿಗೆ ಸಾಕು? ಅವನ ಸಿಟ್ಟು ನಿಮ್ಮ ಮೇಲಿನದಲ್ಲ, ಈ ಸಣ್ಣ ಮೊತ್ತದ ಮೇಲಿನದು. ನೀವು ಕೈಗೆ ಸಿಕ್ಕಿರಿ, ಅಷ್ಟೇ.

ದಾರಿ ಬೇರೆ ಇದೆ. ತೆಲಂಗಾಣದಲ್ಲೇ 2018ರಿಂದ ರೈತು ಬಿಮಾ ನಡೆಯುತ್ತಿದೆ. ಪಟ್ಟಾ ಇರುವ, 18ರಿಂದ 59 ವಯಸ್ಸಿನ ರೈತ ಯಾವ ಕಾರಣದಿಂದ ತೀರಿಕೊಂಡರೂ ಮನೆಯವರಿಗೆ 5 ಲಕ್ಷ ರೂಪಾಯಿ. ಪ್ರೀಮಿಯಂ ಪೂರ್ತಿಯಾಗಿ ಸರಕಾರವೇ ಬಜೆಟ್ಟಿನಿಂದ ಎಲ್‌ಐಸಿಗೆ ಕಟ್ಟುತ್ತದೆ. ಯಾವ ರೈತನ ಪಹಣಿಯ ಮೇಲೂ ಸೆಸ್ ಬೀಳಲಿಲ್ಲ. (ಅದರಲ್ಲೂ ಗೇಣಿದಾರ ಹೊರಗೆ ಉಳಿದ, ಆ ಕೊರತೆಯನ್ನೂ ಹೇಳಲೇಬೇಕು.) ಮನೆಗಳಿಗೂ ರಾಜ್ಯವೇ ಹೀಗೆ ಒಟ್ಟಿಗೆ ವಿಮೆ ಕೊಳ್ಳಬಹುದು, ಹಳ್ಳಿ ಪಟ್ಟಣ ಎಂದು ಬೇರೆ ಮಾಡದೆ. ಬಜೆಟ್ಟಿನಲ್ಲಿ ಹಣ ಸಾಲದು ಎಂದರೆ ಕೇರಳ ಮಾಡಿದ್ದನ್ನು ನೋಡಿ. 2018ರ ಮಹಾಪ್ರವಾಹದ ಮೇಲೆ ಅಲ್ಲಿ ಹಲವು ಸರಕುಗಳ ಮೇಲೆ ಶೇ 1ರ ಪ್ರವಾಹ ಸೆಸ್ ಹಾಕಿದರು. 2019ರ ಆಗಸ್ಟ್ 1ರಂದು ಶುರುವಾಯಿತು, ಎರಡು ವರ್ಷ ಎಂದಿದ್ದರು, 2021ರ ಜುಲೈ 31ಕ್ಕೆ ನಿಂತಿತು. ಕಾಸರಗೋಡಿನ ನಮ್ಮ ಕನ್ನಡದ ಮನೆಗಳವರೂ ಕಟ್ಟಿದರು, ಚೆಂಗನ್ನೂರಿನವರೂ ಕಟ್ಟಿದರು. ಅದು ವಿಮೆಗಲ್ಲ, ಮರುನಿರ್ಮಾಣಕ್ಕೆ. ಆದರೂ ಹೊರೆ ಇಡೀ ರಾಜ್ಯದ ಮೇಲೆ ಹರಡಿತು, ಮುಗಿಯುವ ದಿನ ಮೊದಲೇ ಗೊತ್ತಿತ್ತು. ಮನೆ ತೆರಿಗೆಯಲ್ಲಿ ಒಮ್ಮೆ ಸೇರಿದ ಸಾಲು ಅಳಿಸಿಹೋದದ್ದನ್ನು ನಾನಂತೂ ಕಂಡಿಲ್ಲ.

ಕಡ್ಡಾಯ ವಿಮೆಯೇ ಬೇಕೆಂದರೆ ಟರ್ಕಿಯ ಉದಾಹರಣೆ ಇದೆ. 1999ರ ಭೂಕಂಪದ ಮಾರನೆಯ ವರ್ಷ ಅಲ್ಲಿ ಮನೆಗಳಿಗೆ ಭೂಕಂಪ ವಿಮೆ ಕಡ್ಡಾಯವಾಯಿತು. ಅದನ್ನು ತೆರಿಗೆಯೊಳಗೆ ಸೇರಿಸಲಿಲ್ಲ, ಬೇರೆ ಪಾಲಿಸಿಯಾಗಿಯೇ ಇಟ್ಟರು. ಎಷ್ಟು ಅಪಾಯದ ವಲಯ, ಎಂಥ ಕಟ್ಟಡ, ಎಷ್ಟು ವಿಸ್ತೀರ್ಣ ಎಂಬುದರ ಮೇಲೆ ಪ್ರೀಮಿಯಂ. ಕಟ್ಟುವವನಿಗೆ ತಾನು ಯಾವುದಕ್ಕೆ ಕಟ್ಟುತ್ತಿದ್ದೇನೆಂದು ಕಾಣುತ್ತದೆ.

ಮನೆ ತೆರಿಗೆಗೆ ಅದರದೇ ಕೆಲಸ ಇದೆ, ಅದು ಸಣ್ಣದಲ್ಲ. ಕಸ, ಬೀದಿದೀಪ, ಚರಂಡಿ. ತಮ್ಮನ ಮನೆಗೆ ನೀರು ಹೊಕ್ಕಿದ್ದು ವಿಮೆ ಇಲ್ಲದ್ದಕ್ಕಲ್ಲ, ನಾಲಾ ತುಂಬಿ ಉಕ್ಕಿದ್ದಕ್ಕೆ. ಹೂಳು ತೆಗೆಯಬೇಕಾದ ಹಣವನ್ನು ಪ್ರೀಮಿಯಂಗೆ ತಿರುಗಿಸಿದರೆ ನೀರು ಪ್ರತಿ ವರ್ಷ ಬರುತ್ತದೆ, ಕ್ಲೇಮು ಪ್ರತಿ ವರ್ಷ ಬೀಳುತ್ತದೆ, ಪ್ರೀಮಿಯಂ ಪ್ರತಿ ವರ್ಷ ಏರುತ್ತದೆ. 15ನೆಯ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ರಷ್ಟನ್ನು ಹಾನಿ ತಗ್ಗಿಸುವ ಕೆಲಸಗಳಿಗೇ ಬೇರೆಯಾಗಿ ಇಡಿ ಎಂದಿತು. ಜಹೀರಾಬಾದಿನ ಕಾಲೊನಿಯವರು ಮೊದಲು ಕೇಳಬೇಕಾದದ್ದು ಅದನ್ನು.

ಈಗ ಮನೆಯ ಮಾತಿಗೆ ಬರೋಣ. ಪಂಚಮಿಯವರೆಗೆ ಕಾಯಬೇಡಿ, ಮಗಳ ಮೂಲಕ ಮಾತು ಕಳಿಸಬೇಡಿ. ಬಸ್ಸು ಹತ್ತಿ ನೀವೇ ಜಹೀರಾಬಾದಿಗೆ ಹೋಗಿ, ತವರಿಗೆ ಹೋಗಲು ಕರೆ ಬರಲೇಬೇಕೆಂದಿಲ್ಲ. ಹೋದ ದಿನ ಮನವಿಯ ಮಾತೆತ್ತದೆ ನೀರು ಎಲ್ಲಿಯವರೆಗೆ ಏರಿತ್ತು ತೋರಿಸು ಅನ್ನಿ. ಗೋಡೆಯ ಕಲೆ ನೋಡಿ, ನಾದಿನಿಯ ಮಷೀನು ರಿಪೇರಿಯಾಯಿತೇ ಕೇಳಿ. ಅವನಿಗೆ ಬೇಕಾಗಿದ್ದದ್ದು ಸಹಿಗಿಂತ ಹೆಚ್ಚಾಗಿ ಇದು. ಮಾರನೆಯ ದಿನ, "ನಮ್ಮ ಮನೆಗೆ ನೀರು ಬಂದಿಲ್ಲ ಅಂದದ್ದು ತಪ್ಪಾಯಿತಪ್ಪಾ, ಆದರೆ ಈ ಸೆಸ್ಸಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ" ಎಂದು ಹೇಳಿ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದು.

ಸರಕಾರ ಏನಾದರೂ ಮಾಡುವ ತನಕ ಅವನ ಮನೆ ವಿಮೆಯಿಲ್ಲದೆ ಇರಬಾರದು. 2021ರ ಏಪ್ರಿಲ್ 1ರಿಂದ ಬೆಂಕಿ ಮೊದಲಾದ ಅಪಾಯಗಳಿಗೆ ಮನೆ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ ಎಲ್ಲ ಅದರಲ್ಲಿ ಬರುತ್ತವೆ. ಜಾಗದ ಬೆಲೆ ಅದರಲ್ಲಿ ಸೇರುವುದಿಲ್ಲ, ಮನೆಯನ್ನು ಮತ್ತೆ ಕಟ್ಟುವ ಖರ್ಚಷ್ಟೇ ಲೆಕ್ಕ. ಕಟ್ಟಡಕ್ಕೆ ಮಾಡಿಸಿದರೆ ಅದರ ಮೊತ್ತದ ಶೇ 20ರಷ್ಟು, 10 ಲಕ್ಷದ ಮಿತಿಯೊಳಗೆ, ಮನೆ ಸಾಮಾನಿಗೂ ತಾನಾಗಿಯೇ ಸಿಗುತ್ತದೆ. ಬಾಡಿಗೆಯವರು ಸಾಮಾನಿಗಷ್ಟೇ ತೆಗೆದುಕೊಳ್ಳಬಹುದು. ಎರಡು ಮೂರು ಕಂಪನಿಗಳಲ್ಲಿ ದರ ಕೇಳಿ, ಗೋಡೆ ಚಾವಣಿ ಎಂಥದ್ದೆಂದು ಇದ್ದದ್ದನ್ನು ಇದ್ದಂತೆ ಬರೆಸಿ. ಈಗಲೇ ಫ್ರಿಜ್ಜು, ಮಷೀನುಗಳ ಫೋಟೊ ತೆಗೆದು ಬಿಲ್ಲುಗಳ ಜೊತೆ ಮೊಬೈಲಿನಲ್ಲಿ ಇಟ್ಟುಕೊಳ್ಳಲಿ. ನೀರು ಬಂದರೆ ಕಂಪನಿಗೆ ತಡಮಾಡದೆ ತಿಳಿಸಬೇಕು, ಸರ್ವೇಯರ್ ಬರುವ ಮೊದಲು ಹಾಳಾದ ಸಾಮಾನು ಎಸೆಯಬಾರದು. ನಿಮ್ಮ ಕೈಲಾದರೆ ಮೊದಲ ವರ್ಷದ ಪ್ರೀಮಿಯಂನಲ್ಲಿ ಅಷ್ಟಿಷ್ಟು ನೀವೇ ಕೊಡಿ. ನಿಮ್ಮ ಮನೆಗೂ ಒಂದು ಮಾಡಿಸಿ. ಅಂಗಡಿಯ ಕೋಣೆ ವ್ಯಾಪಾರದ್ದಾದ್ದರಿಂದ ಅದನ್ನು ಬೇರೆಯಾಗಿ ವಿಚಾರಿಸಬೇಕು.

ಸಹಿ ಹಾಕಲಿಲ್ಲ ಎಂದು ಸುಮ್ಮನೆ ಕೂರಬೇಡಿ, ನಿಮ್ಮದೇ ಒಂದು ಮನವಿ ಬರೆಯಿರಿ. ವಿಮೆಯ ಹಣ ರಾಜ್ಯದ ಬಜೆಟ್ಟಿನಿಂದ ಬರಲಿ, ತೆರಿಗೆ ಪಟ್ಟಿಯಲ್ಲಿ ಇಲ್ಲದವರೂ ಬಾಡಿಗೆಯವರೂ ಹಳ್ಳಿಯವರೂ ಅದರೊಳಗೆ ಇರಲಿ, ಮನೆ ತೆರಿಗೆಯಲ್ಲಿ ನಾಲಾ ಹೂಳಿಗೆ ಎಷ್ಟು ಖರ್ಚಾಯಿತೆಂದು ಪುರಸಭೆ ಪ್ರತಿ ಮಳೆಗಾಲದ ಮೊದಲು ಲೆಕ್ಕ ಹಾಕಿ ತೋರಿಸಲಿ. ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ಪ್ರಜಾವಾಣಿ ಎಂಬ ಅಹವಾಲು ಸಭೆ ನಡೆಯುತ್ತದೆ, ಅಲ್ಲಿ ಕೊಟ್ಟು ರಶೀದಿ ಪಡೆಯಿರಿ. ನಿಮ್ಮದು ವಿಕಾರಾಬಾದಿಗೆ ಹೋಗಬೇಕು, ತಮ್ಮನದು ಸಂಗಾರೆಡ್ಡಿಗೆ. ಸೆಸ್ಸಿನ ವಿಷಯದಲ್ಲಿ ಇಬ್ಬರೂ ಬೇರೆ ಬೇರೆ ಬರೆದರೂ ನಾಲಾದ ಬೇಡಿಕೆಯನ್ನು ಇಬ್ಬರೂ ಕೂತು ಒಟ್ಟಿಗೆ ಬರೆಯಬಹುದು. ಜಹೀರಾಬಾದಿಗೆ ಹೋದಾಗ ಅದರಿಂದಲೇ ಶುರು ಮಾಡಿ.